ತಮ್ಮನ ತಟ್ಟೆ

ಮಕ್ಕಳು ಸರಿಯಾಗಿ ಊಟ ಮಾಡುವುದಿಲ್ಲ ಎಂದು ಯಾರಾದರೂ ನಗುನಗುತ್ತಾ ಹೇಳಿದರೆ ನನಗೆ ಸಿಟ್ಟು ಬರುತ್ತದೆ. "ನಮ್ಮೋನು ಸೊಪ್ಪು ಮುಟ್ಟಲ್ಲ, ಹಾಲು ಕಂಡ್ರೆ ಓಡ್ತಾನೆ" ಎನ್ನುವಾಗ ಅವರ ದನಿಯಲ್ಲಿ ಒಂದು ಸಣ್ಣ ಹೆಮ್ಮೆ ಇರುತ್ತದೆ. ಮಗು ಹುಟ್ಟುವಾಗಲೇ ದೊಡ್ಡ ಜಮೀನ್ದಾರನ ನಾಲಗೆ ತಂದಿದೆಯೇನೋ ಎಂಬಂತೆ ಹೇಳುತ್ತಾರೆ. ನಾನು ನಗುವುದಿಲ್ಲ. ಸಂಜೆ ಮಬ್ಬಿನಲ್ಲಿ ನಿಮ್ಮ ಮಗು ಹೇಗೆ ನಡೆಯುತ್ತದೆ ಎಂದು ಕೇಳುತ್ತೇನೆ. ಅವರು ನನ್ನ ಮುಖ ನೋಡಿ ಮಾತು ಬೇರೆ ಕಡೆಗೆ ತಿರುಗಿಸುತ್ತಾರೆ.

ಎಂಬತ್ತರ ದಶಕದ ಶುರುವಿನ ಮಾತು ಇದು. ನಾವಾಗ ಗುಬ್ಬಿಯಲ್ಲಿದ್ದೆವು. ನಾನು ಐದನೇ ಕ್ಲಾಸು, ತಮ್ಮ ಎರಡನೇ ಕ್ಲಾಸು. ಅಪ್ಪ ಒಂದು ಪ್ರೈವೇಟ್ ಬಸ್ಸಿನ ಕಂಡಕ್ಟರ್. ಗುಬ್ಬಿಯಿಂದ ತುಮಕೂರು, ಅಲ್ಲಿಂದ ಕುಣಿಗಲ್, ಮತ್ತೆ ಅದೇ ದಾರಿಯಲ್ಲಿ ವಾಪಸ್. ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಹೊರಟಿರುತ್ತಿದ್ದ, ನಾವು ಮಲಗುವ ಹೊತ್ತಿಗೆ ಬರುತ್ತಿದ್ದ. ಮನೆ ನಡೆಯುತ್ತಿದ್ದದ್ದು ಅಜ್ಜಿಯ ಕೈಯಲ್ಲಿ. ಅವಳು ಅಪ್ಪನ ತಾಯಿ, ಅಮ್ಮನ ತಾಯಿಗೂ ತಾಯಿ. ಅಂದರೆ ಅಮ್ಮ ಮದುವೆಯಾಗಿದ್ದು ತನ್ನ ಸೋದರಮಾವನನ್ನೇ. ಆ ಮದುವೆ ಮಾಡಿಸಿದ್ದು ಅಜ್ಜಿಯೇ. ಮೊಮ್ಮಗಳನ್ನು ಹೊರಗೆ ಕೊಟ್ಟು ಕಳೆದುಕೊಳ್ಳುವುದೇಕೆ ಎಂದು ಸೊಸೆ ಮಾಡಿಕೊಂಡಳು. ಅತ್ತೆಯಾದ ಮೇಲೂ ಅಮ್ಮ ಅವಳನ್ನು ಅಜ್ಜಿ ಎಂದೇ ಕರೆಯುತ್ತಿದ್ದಳು, ನಾವೂ ಅಜ್ಜಿ ಎನ್ನುತ್ತಿದ್ದೆವು.

ಅಜ್ಜಿಯ ಮನೆಯಲ್ಲಿ ಊಟಕ್ಕೆ ಕಾನೂನಿತ್ತು. ಮೊದಲು ಮುದ್ದೆ, ಅದು ಪೂರ್ತಿ ಮುಗಿದ ಮೇಲೆ ಅನ್ನ. ಮುದ್ದೆ ಬಿಟ್ಟವರಿಗೆ ಅನ್ನ ಇಲ್ಲ. ತಿಂದಾದ ಮೇಲೆ ತಟ್ಟೆ ತಂದು ಅವಳ ಮುಂದೆ ಹಿಡಿಯಬೇಕು. ಅವಳು ಅದರ ಮೇಲೆ ತೋರುಬೆರಳು ಆಡಿಸಿ ನೋಡುತ್ತಿದ್ದಳು. ಬೆರಳಿಗೆ ಹಿಟ್ಟು ಹತ್ತಿದರೆ ತಟ್ಟೆ ವಾಪಸ್. ಹತ್ತದಿದ್ದರೆ ಒಂದು ಸೌಟು ಅನ್ನ, ಮೇಲೆ ನೀರು ಮಜ್ಜಿಗೆ. ಇನ್ನೊಂದು ಕಾನೂನು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಮುದ್ದೆಯ ನಡುವೆ ಹೆಬ್ಬೆರಳಲ್ಲಿ ಗುಳಿ ಮಾಡಿ ತುಪ್ಪ ಬಿಡುತ್ತಿದ್ದದ್ದು ಅಪ್ಪನಿಗೆ ಮತ್ತು ತಮ್ಮನಿಗೆ ಮಾತ್ರ. ನನ್ನ ಮುದ್ದೆಗೆ ಗುಳಿಯೇ ಇರಲಿಲ್ಲ. ಮನೆಯಲ್ಲಿದ್ದ ಒಂದೇ ಹಸುವಿನ ಹಾಲು ಬೆಳಿಗ್ಗೆ ಡೈರಿಗೆ ಹೋಗುತ್ತಿತ್ತು, ಸಂಜೆಯದು ಮನೆಗೆ. ತುಪ್ಪ ಎಲ್ಲರಿಗೂ ಬರುವಷ್ಟು ಆಗುತ್ತಿರಲಿಲ್ಲ, ನಿಜ. ಆದರೆ ಕಡಿಮೆ ಬಿದ್ದಾಗ ಯಾರಿಗೆ ಇಲ್ಲ ಎನ್ನಬೇಕು ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ತಮ್ಮನಿಗೆ ಮುದ್ದೆ ಇಳಿಯುತ್ತಿರಲಿಲ್ಲ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು. ಅವನು ಅಗಿಯುತ್ತಿದ್ದ. ಅಗಿದದ್ದು ಬಾಯಿತುಂಬಾ ಮೆತ್ತಿಕೊಂಡು ಓಕರಿಕೆ ಬರುತ್ತಿತ್ತು. ಸೊಪ್ಪಿನ ಎಲೆ ನಾಲಗೆಗೆ ಸಿಕ್ಕಿದರೆ ಉಗಿಯುತ್ತಿದ್ದ. ಕುಂಬಳಕಾಯಿ ಸಿಹಿ ಎಂದು ಬೇಡ, ಪರಂಗಿಹಣ್ಣಿಗೆ ವಾಸನೆ ಎಂದು ಬೇಡ, ಹಾಲಿನ ಮೇಲೆ ಕೆನೆ ಇದೆ ಎಂದು ಬೇಡ. ಅವನಿಗೆ ಬೇಕಾದದ್ದು ಬಿಳೀ ಅನ್ನ, ಮಜ್ಜಿಗೆ, ಕಡ್ಲೆಪುರಿ, ಬೇಕರಿಯ ಬನ್ನು. ಶಾಲೆಯಲ್ಲಿ ಕೊಡುತ್ತಿದ್ದ ಉಪ್ಪಿಟ್ಟನ್ನೂ ಪಕ್ಕದವನ ತಟ್ಟೆಗೆ ಸುರಿಯುತ್ತಿದ್ದ. ಅಜ್ಜಿ ಒಂದು ದಿನ ಮೂಗು ಹಿಡಿದು ತುತ್ತು ತುರುಕಿದಳು. ಅವನು ಕಣ್ಣು ಮೇಲೆ ಮಾಡಿ ಎಲ್ಲವನ್ನೂ ಅಲ್ಲೇ ವಾಂತಿ ಮಾಡಿದ. ಅಜ್ಜಿ ಅದು ಬರೀ ಹಟ ಎಂದು ಬೆನ್ನಿಗೆ ಎರಡು ಬಿಟ್ಟಳು. ನಾನು ಅಳುತ್ತಾ ನೆಲ ಒರೆಸಿದೆ.

ಮಾರನೇ ದಿನ ಶುರುವಾಯಿತು ನಮ್ಮ ಕಳ್ಳತನ. ನಾವಿಬ್ಬರೂ ಪಡಸಾಲೆಯ ಮೂಲೆಯಲ್ಲಿ, ರಾಗಿ ತುಂಬಿದ ಮೂಟೆಗಳ ಮರೆಯಲ್ಲಿ ಕೂರುತ್ತಿದ್ದೆವು. ಅಮ್ಮ ಒಳಗೆ ಒಲೆ ಮುಂದೆ, ಅಜ್ಜಿ ಹಿತ್ತಲ ಬಾಗಿಲಲ್ಲಿ ಕೂತು ಹಸುವಿನ ಕಡೆ ಒಂದು ಕಣ್ಣು, ನಮ್ಮ ಕಡೆ ಒಂದು ಕಿವಿ. ನಾನು ನನ್ನ ಮುದ್ದೆಯನ್ನು ಬೇಗ ಬೇಗ ನುಂಗಿ, ಖಾಲಿ ತಟ್ಟೆಯನ್ನು ಅವನ ಕಡೆ ತಳ್ಳಿ, ಅವನ ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ. ಎರಡೂ ಒಂದೇ ಅಂಗಡಿಯ ಒಂದೇ ಅಳತೆಯ ಸ್ಟೀಲ್ ತಟ್ಟೆಗಳು. ಅವನು ನನ್ನ ಖಾಲಿ ತಟ್ಟೆ ಹಿಡಿದು ಅಜ್ಜಿಯ ಹತ್ತಿರ ಹೋದ. ಅವಳು ಬೆರಳಾಡಿಸಿ, "ಹಂಗೆ ಮತ್ತೆ" ಎಂದು ತಲೆ ಸವರಿ ಅನ್ನ ಬಡಿಸಿದಳು. ನಾನು ಮೂಲೆಯಲ್ಲಿ ಅವನ ತುಪ್ಪದ ಮುದ್ದೆ ನುಂಗುತ್ತಿದ್ದೆ. ಹೊಟ್ಟೆ ಬಿರಿಯುತ್ತಿತ್ತು, ಆದರೂ ನುಂಗಿದೆ. ಅವನಿಗೆ ಏಟು ಬೀಳಲಿಲ್ಲ ಎಂಬ ಸಮಾಧಾನದಲ್ಲಿ ಅವತ್ತು ಚೆನ್ನಾಗಿ ನಿದ್ದೆ ಬಂತು.

ಒಂದು ದಿನದ ಆಟ ತಿಂಗಳುಗಟ್ಟಲೆ ನಡೆಯಿತು. ಹಾಲಿನ ಲೋಟವೂ ಹಿತ್ತಲ ಗೋಡೆಯ ಹಿಂದೆ ನನಗೇ ಬರುತ್ತಿತ್ತು. ಎಂಜಲು ತಿನ್ನಬಾರದು ಎಂಬ ಹೆದರಿಕೆಯೂ ಒಂದು ವಾರದಲ್ಲಿ ಹೋಯಿತು. ಅಜ್ಜಿ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು, ತನ್ನ ಕೈಯಲ್ಲಿ ಎಂಥಾ ಹಟಮಾರಿಯೂ ನೆಟ್ಟಗಾಗುತ್ತಾನೆ ಎಂದು. ನನ್ನ ಕೆನ್ನೆ ತುಂಬಿಕೊಂಡಿತು, ಲಂಗದ ದಾರ ಸಡಿಲ ಮಾಡಿ ಕಟ್ಟಬೇಕಾಯಿತು. ತಮ್ಮನ ತೋಳಿನ ಚರ್ಮ ಒರಟಾಗಿ ತರಿತರಿಯಾಯಿತು. ಮೂರು ದಿನಕ್ಕೊಮ್ಮೆ ನೆಗಡಿ, ಜ್ವರ. ಬೆಳೆಯುವ ಮಕ್ಕಳಿಗೆ ಇದೆಲ್ಲ ಇದ್ದದ್ದೇ ಎಂದರು.

ಮೊದಲು ಅವನು ಕಾಲಿಟ್ಟಿದ್ದು ಕಲಗಚ್ಚಿನ ಬಕೆಟ್ಟಿಗೆ. ದೀಪ ಹಚ್ಚುವ ಹೊತ್ತು, ಹಸುವಿಗೆಂದು ಹಿತ್ತಲಲ್ಲಿ ಇಟ್ಟಿದ್ದ ಬಕೆಟ್ಟು, ದಿನಾ ಅದೇ ಜಾಗದಲ್ಲಿ ಇರುವುದು. ಅಜ್ಜಿ ಬೈದಳು. ಎರಡು ದಿನ ಬಿಟ್ಟು ಕಟ್ಟಿಹಾಕಿದ್ದ ಹಸುವಿಗೇ ಹೋಗಿ ಡಿಕ್ಕಿ ಹೊಡೆದ. ಆಮೇಲೆ ಸಂಜೆ ಬೀದಿಯಲ್ಲಿ ಗೋಲಿ ಆಡುವುದನ್ನು ನಿಲ್ಲಿಸಿದ. ಬೆಳಕು ಇಳಿಯುತ್ತಿದ್ದ ಹಾಗೆ ಜಗಲಿಗೆ ಬಂದು ಕಂಬ ಹಿಡಿದು ಕೂರುತ್ತಿದ್ದ. ಕರೆದರೆ ನಮ್ಮ ದನಿ ಬಂದ ಕಡೆ ಮುಖ ಮಾಡುತ್ತಿದ್ದ, ನಮ್ಮ ಮುಖದ ಕಡೆ ಅಲ್ಲ. ಯಾಕೋ ಹಿಂಗೆ ಕೂರ್ತೀಯ ಎಂದು ನಾನು ಗುಟ್ಟಾಗಿ ಕೇಳಿದೆ. "ಸಂಜೆ ಆದ್ಮೇಲೆ ಎಲ್ಲಾ ಹೊಗೆ ಥರ ಆಗುತ್ತೆ ಕಣಕ್ಕ. ಬೆಳಿಗ್ಗೆ ಸರಿಹೋಗುತ್ತೆ" ಎಂದ. ಅವನಿಗೆ ಅದು ದೊಡ್ಡ ವಿಷಯವಾಗಿ ಕಂಡಿರಲಿಲ್ಲ.

ಅವತ್ತೇ ಅಮ್ಮನಿಗೆ ಹೇಳಿದೆ, ಕಣ್ಣಿನ ವಿಷಯ ಮಾತ್ರ. ಅಮ್ಮ ಅಜ್ಜಿಗೆ ಹೇಳಿದಳು. ಅಜ್ಜಿ ಅವನನ್ನು ಜಗಲಿಯಲ್ಲಿ ನಿಲ್ಲಿಸಿ ಮುಖದ ಮುಂದೆ ಕೈ ಆಡಿಸಿದಳು. ಅವನು ರೆಪ್ಪೆ ಮಿಟುಕಿಸಲಿಲ್ಲ. ಅಜ್ಜಿ ಒಳಗೆ ಹೋಗಿ ಗೋಡೆಗೆ ಒರಗಿ ಕೂತಳು. ಅವಳು ಯಾಕೆ ಹಾಗೆ ಕೂತಳು ಎಂಬುದು ನಮಗೆಲ್ಲ ಗೊತ್ತಿತ್ತು. ಕುಣಿಗಲ್‌ನಲ್ಲಿ ಅವಳ ಅಣ್ಣ ಇದ್ದ. ನಾವು ಅವನನ್ನು ಕುಣಿಗಲ್ ಅಜ್ಜ ಎನ್ನುತ್ತಿದ್ದೆವು. ಅವನಿಗೆ ಎರಡು ಕಣ್ಣೂ ಇರಲಿಲ್ಲ. ಹರೆಯದಲ್ಲೇ ಹೋಗಿದ್ದವು.

ಮರುದಿನದಿಂದ ಅಜ್ಜಿ ಬೆಳಿಗ್ಗೆ ಎದ್ದು ಕೆರೆ ಅಂಗಳಕ್ಕೆ ಹೋಗತೊಡಗಿದಳು. ಅಲ್ಲಿ ತೇವದಲ್ಲಿ ಹೊನಗೊನ್ನೆ ಸೊಪ್ಪು ಬೆಳೆಯುತ್ತದೆ. ಕಣ್ಣಿಗೆ ಒಳ್ಳೆಯದು ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸೊಪ್ಪು. ಮಂಡಿ ನೋವಿನ ಮುದುಕಿ ಬಗ್ಗಿ ಬಗ್ಗಿ ಮಡಿಲು ತುಂಬಾ ಕಿತ್ತು ತಂದು, ತಾನೇ ಬಿಡಿಸಿ, ಬೇಳೆ ಹಾಕಿ ಬೇಯಿಸಿ, ತಮ್ಮನ ಮುದ್ದೆಯ ಸುತ್ತ ಗಟ್ಟಿಯಾಗಿ ಬಡಿಸುತ್ತಿದ್ದಳು. ತುಪ್ಪ ಒಂದು ಚಮಚ ಇದ್ದದ್ದು ಎರಡಾಯಿತು. ತಮ್ಮ ನನ್ನ ಮುಖ ನೋಡುತ್ತಿದ್ದ. ತಿನ್ನು, ಇದು ಕಣ್ಣಿಗೆ, ಒಂದೇ ತುತ್ತು ತಿನ್ನು ಎಂದು ನಾನು ಪಿಸುಗುಟ್ಟಿದೆ. ಅವನು ಬಾಯಿ ಬಿಗಿಹಿಡಿದು ತಟ್ಟೆ ತಳ್ಳಿದ. ಹಿತ್ತಲ ಬಾಗಿಲಿಂದ ಅಜ್ಜಿ, "ಆಯ್ತೇನ್ಲಾ?" ಎಂದಳು. ನಾನು ತಟ್ಟೆ ಎಳೆದುಕೊಂಡೆ. ಅವನ ಕಣ್ಣಿಗೆ ಮಾಡಿದ ಔಷಧಿಯನ್ನು ಹದಿನೈದು ದಿನ ನಾನು ನುಂಗಿದೆ.

ದಿನಾ ಅಂದುಕೊಳ್ಳುತ್ತಿದ್ದೆ, ಇವತ್ತು ಹೇಳಿಬಿಡುತ್ತೇನೆ ಎಂದು. ಹೇಳಿದರೆ ಅವನಿಗೆ ಏಟು, ನನಗೆ ಅದರ ಎರಡರಷ್ಟು. ಅಜ್ಜಿ ಬೀದಿಯಲ್ಲಿ ಹೊಗಳಿಕೊಂಡದ್ದೆಲ್ಲ ಸುಳ್ಳಾಗುತ್ತದೆ. ನಾಳೆಯಿಂದ ಅವನೇ ತಿಂದಾನು, ತಾನಾಗಿಯೇ ಸರಿಹೋದೀತು ಎಂದು ಮುಂದೆ ಹಾಕಿದೆ. ಹತ್ತು ವರ್ಷದ ಹುಡುಗಿ ಅಷ್ಟು ಹೇಡಿ ಆಗಬಹುದು ಎಂದು ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯ.

ಹದಿನೈದು ದಿನ ಸೊಪ್ಪು ಬಡಿಸಿದರೂ ಸಂಜೆ ಕಂಬ ಹಿಡಿಯುವುದು ತಪ್ಪದಿದ್ದಾಗ ಅಜ್ಜಿ ಅಪ್ಪನ ಬಸ್ಸಿನಲ್ಲೇ ಕುಣಿಗಲ್‌ಗೆ ಹೋಗಿಬಂದಳು. ಅಣ್ಣನಿಗೆ ಹೇಗೆ ಶುರುವಾಯಿತು ಎಂದು ಕೇಳಲು ಹೋಗಿದ್ದಳು. ಬಂದವಳು ಕಾಲು ತೊಳೆಯದೆ ಜಗಲಿಯಲ್ಲೇ ಕೂತಳು. ಅವನಿಗೂ ಹೀಗೇ, ಮೊದಲು ಸಂಜೆ ಹೊತ್ತು ಕಾಣುತ್ತಿರಲಿಲ್ಲವಂತೆ, ವರ್ಷ ಕಳೆದ ಹಾಗೆ ಹಗಲೂ ಹೋಯಿತಂತೆ. ಇಷ್ಟು ಹೇಳಿ ಅವಳು ಅಮ್ಮನ ಕೈ ಹಿಡಿದುಕೊಂಡಳು. ಅಮ್ಮನ ಕೈಯನ್ನು ಅವಳು ಹಾಗೆ ಹಿಡಿದದ್ದನ್ನು ನಾನು ನೋಡಿರಲಿಲ್ಲ.

"ನಮ್ ರಕ್ತಾನೇ ಎರಡ್ ಕಡೆಯಿಂದ ಬಂದ್ಬುಡ್ತು ಕಣೇ. ನಾನೇ ಮಾಡ್ಸಿದ್ ಮದ್ವೆ. ನನ್ ಕೈಯಾರೆ ಮಗಿನ್ ಕಣ್ ಕಿತ್ತೆ."

ಅಮ್ಮ ಅಳಲಿಲ್ಲ. ತಮ್ಮನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ಅವನ ತಲೆಯಲ್ಲಿ ಮುಖ ಇಟ್ಟಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಹೇಳಬೇಕಾಗಿದ್ದದ್ದು ಆವಾಗ. ಹಸುವಿಗೆ ನೀರಿಡುವ ನೆವದಲ್ಲಿ ಹಿತ್ತಲಿಗೆ ಹೋದೆ.

ಆ ವಾರವೇ ತುಮಕೂರಿಗೆ ಹೊರಟೆವು, ಕಣ್ಣಿನ ಡಾಕ್ಟರ ಹತ್ತಿರ. ಅಜ್ಜಿ, ಅಮ್ಮ, ತಮ್ಮ, ನಾನು. ನಾನು ಬರದೆ ಅವನು ಹೆಜ್ಜೆ ಎತ್ತುತ್ತಿರಲಿಲ್ಲ. ಡಾಕ್ಟರ ಮನೆಯ ಮುಂದಿನ ಕೋಣೆಯೇ ಶಾಪು. ಬೆಂಚುಗಳು ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ನಮ್ಮ ಸರದಿ ಬಂದಾಗ ಮಧ್ಯಾಹ್ನ ಮುಗಿಯುತ್ತಿತ್ತು. ಡಾಕ್ಟರು ಟಾರ್ಚ್ ಹಿಡಿದರೆ ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಎರಡು ಸಲ ಪ್ರಯತ್ನ ಮಾಡಿ ಅವರು ಬಿಟ್ಟರು. ಏನೇನು ತಿನ್ನುತ್ತಾನೆ ಎಂದು ಕೇಳಿದರು.

ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಹೇಳಿದಳು. ದಿನಾ ಎರಡು ಹೊತ್ತು ಮುದ್ದೆ, ದಂಟಿನ ಸೊಪ್ಪು, ನುಗ್ಗೆ ಸೊಪ್ಪು, ಕುಂಬಳಕಾಯಿ. ಈಗ ಹದಿನೈದು ದಿನದಿಂದ ತಪ್ಪದೆ ಹೊನಗೊನ್ನೆ ಸೊಪ್ಪು. ಒಂದು ಲೋಟ ಹಾಲು, ಎರಡು ಚಮಚ ತುಪ್ಪ. ತಟ್ಟೆಯಲ್ಲಿ ಒಂದಗುಳು ಬಿಡುವುದಿಲ್ಲ, ತಾನೇ ಬೆರಳಾಡಿಸಿ ನೋಡುತ್ತೇನೆ ಎಂದಳು. ಅವಳು ಹೇಳುತ್ತಿದ್ದದ್ದೆಲ್ಲ ನಾನು ತಿಂದದ್ದರ ಪಟ್ಟಿ.

ಡಾಕ್ಟರು ಪೆನ್ನು ಕೆಳಗಿಟ್ಟರು. ಮಕ್ಕಳಿಗೆ ಹೀಗೆ ಆಗುವುದು ಹೆಚ್ಚಾಗಿ ಸೊಪ್ಪು, ಹಾಲು ಇಲ್ಲದೆ, ಅಂಥದ್ದಾದರೆ ಔಷಧಿ ಕೊಟ್ಟ ಎರಡು ಮೂರು ದಿನದಲ್ಲಿ ಸಂಜೆ ಕಣ್ಣು ಬರುತ್ತದೆ ಎಂದರು. ತಡ ಮಾಡಿದರೆ ಮಾತ್ರ ಕರಿಗುಡ್ಡೆಯೇ ಕರಗಿಹೋಗುತ್ತದೆ, ಆಮೇಲೆ ಯಾರ ಕೈಯಲ್ಲೂ ಆಗುವುದಿಲ್ಲ. ಆದರೆ ಈ ಹುಡುಗ ಎಲ್ಲ ತಿನ್ನುತ್ತಾನಲ್ಲ ಎಂದು ಅಜ್ಜಿಯ ಮುಖ ನೋಡಿದರು. ಸಂಬಂಧದಲ್ಲೇ ಮದುವೆಯಾ ಎಂದು ಅಮ್ಮನನ್ನು ಕೇಳಿದರು. ಅಮ್ಮ ತಲೆಯಾಡಿಸಿದಳು. ಅಜ್ಜಿ ಕುಣಿಗಲ್ ಅಜ್ಜನ ವಿಷಯ ಹೇಳಿದಳು. ಡಾಕ್ಟರು ನಿಧಾನವಾಗಿ ಒಂದು ಚೀಟಿ ಬರೆದರು. ಇದು ಕಣ್ಣಿನ ಒಳಗಿನ ನರದ್ದು ಇರಬಹುದು, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದರು. ಅದಕ್ಕೆ ಔಷಧಿ ಇದೆಯಾ ಎಂದು ಅಮ್ಮ ಕೇಳಿದಳು. ಡಾಕ್ಟರು ಮೊದಲು ತೋರಿಸಿ ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು. ನಾನು ಅಲ್ಲೂ ಹೇಳಲಿಲ್ಲ.

ಬಸ್ ಸ್ಟ್ಯಾಂಡಿಗೆ ಬಂದಾಗ ಬೆಳಕು ಇಳಿಯತೊಡಗಿತ್ತು. ಅಮ್ಮ ಗುಬ್ಬಿ ಬಸ್ಸು ಎಲ್ಲಿ ನಿಂತಿದೆ ಎಂದು ಕೇಳಲು ಹೋದಳು. ಅಜ್ಜಿ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕಲ್ಲುಬೆಂಚಿನ ಮೇಲೆ ಕೂತಳು. ಮುಂದಿನ ಸೋಮವಾರ ಅಪ್ಪನಿಗೆ ರಜ ಸಿಕ್ಕರೆ ಬೆಂಗಳೂರು, ಇಲ್ಲದಿದ್ದರೆ ಅದರ ಮುಂದಿನದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನನ್ನ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು: ಕರಿಗುಡ್ಡೆ ಕರಗಿಹೋಗುತ್ತದೆ. ಆ ಯೋಚನೆಯಲ್ಲಿ ತಮ್ಮನ ಕೈ ಯಾವಾಗ ಬಿಟ್ಟೆನೋ ಗೊತ್ತಿಲ್ಲ.

ನೋಡಿದರೆ ಅವನು ಹತ್ತು ಹೆಜ್ಜೆ ಆಚೆ ಇದ್ದ. ಅಮ್ಮನ ದನಿ ಕೇಳಿಸಿತೋ ಏನೋ, ಎರಡು ಕೈ ಮುಂದೆ ಚಾಚಿಕೊಂಡು ಅತ್ತ ನಡೆಯುತ್ತಿದ್ದ. ಎಡಗಡೆಯಿಂದ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು. ಕ್ಲೀನರ್ ಅದರ ಆಚೆ ಬದಿಯಲ್ಲಿ ತಗಡು ಬಡಿಯುತ್ತಾ ರೈಟ್ ರೈಟ್ ಎನ್ನುತ್ತಿದ್ದ, ಅವನಿಗೆ ಈ ಬದಿ ಕಾಣುತ್ತಿರಲಿಲ್ಲ. ನಾನು ಓಡಿದೆ. ಅಂಗಿಯ ಹಿಂದಿನ ಕಾಲರ್ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಬಿದ್ದೆವು. ಬಸ್ಸಿನ ಹಿಂದಿನ ಚಕ್ರ ಕಾಲಿಂದ ಕಳಚಿ ಬಿದ್ದಿದ್ದ ನನ್ನ ಚಪ್ಪಲಿಯ ಮೇಲೆ ಹತ್ತಿ ಇಳಿಯಿತು. ತಮ್ಮನಿಗೆ ಏನಾಯಿತು ಎಂಬುದೇ ತಿಳಿಯಲಿಲ್ಲ. ಯಾಕೆ ತಳ್ಳಿದೆ ಎಂದು ನನ್ನನ್ನೇ ಬೈದ.

ಅಜ್ಜಿ ಎದ್ದು ಬಂದು ನಮ್ಮಿಬ್ಬರ ಮೈ ತಡವಿದಳು. ನಾನು ಅವಳ ಸೀರೆ ಹಿಡಿದುಕೊಂಡೆ.

"ಅಜ್ಜಿ, ಅವ್ನು ಸೊಪ್ಪು ತಿಂದಿಲ್ಲ. ಮುದ್ದೆನೂ ತಿಂದಿಲ್ಲ, ಹಾಲೂ ಕುಡ್ದಿಲ್ಲ. ತಟ್ಟೆ ಬದಲಾಯ್ಸಿ ಎಲ್ಲಾ ನಾನೇ ತಿಂತಿದ್ದೆ."

ಅಜ್ಜಿ, "ಹೊನಗೊನ್ನೆ ಸೊಪ್ಪು?" ಎಂದು ಕೇಳಿದಳು.

"ಅದೂ ನಾನೇ."

ಅಷ್ಟರಲ್ಲಿ ಬಂದಿದ್ದ ಅಮ್ಮ ನನ್ನ ಕೆನ್ನೆಗೆ ಹೊಡೆದಳು. ಎರಡನೆಯದಕ್ಕೆ ಕೈ ಎತ್ತಿದಾಗ ಅಜ್ಜಿ ಆ ಕೈ ಹಿಡಿದಳು. "ಹೊಡಿಯದು ಆಮೇಲ್ ನೋಡನ. ಮೊದ್ಲು ನಡಿ, ಡಾಕ್ಟ್ರು ಬಾಗ್ಲು ಹಾಕ್ಬುಡ್ತಾರೆ" ಎಂದಳು. ಮಂಡಿ ನೋವಿನ ಅಜ್ಜಿ ನಮಗಿಂತ ಮುಂದೆ ನಡೆದಳು. ನಾನು ಒಂದೇ ಚಪ್ಪಲಿಯಲ್ಲಿ ತಮ್ಮನನ್ನು ಎಳೆದುಕೊಂಡು ಹಿಂದೆ ಓಡಿದೆ.

ಕಾಂಪೌಂಡರ್ ಬಾಗಿಲು ಮುಚ್ಚುತ್ತಿದ್ದ. ನಾಳೆ ಬನ್ನಿ ಎಂದವನನ್ನು ಅಜ್ಜಿ ಪಕ್ಕಕ್ಕೆ ಸರಿಸಿ ಒಳಗೆ ಹೋದಳು. "ನಾನು ಸುಳ್ಳು ಹೇಳ್ದೆ ಸ್ವಾಮಿ, ಮಗು ಏನೂ ತಿಂದಿಲ್ಲ" ಎಂದಳು. ತಪ್ಪನ್ನು ತನ್ನ ಮೇಲೇ ಹಾಕಿಕೊಂಡಳು, ನನ್ನ ಕಡೆ ಬೆರಳು ತೋರಿಸಲಿಲ್ಲ. ಡಾಕ್ಟರು ಈ ಸಲ ಅಮ್ಮನಿಗೆ ಅವನ ತಲೆ ಹಿಡಿಯಲು ಹೇಳಿ, ರೆಪ್ಪೆ ಅಗಲಿಸಿ ಟಾರ್ಚ್ ಬಿಟ್ಟರು. ಕಣ್ಣಿನ ಬಿಳಿಯಲ್ಲಿ, ಕರಿಗುಡ್ಡೆಯ ಪಕ್ಕಕ್ಕೆ, ಸೋಪಿನ ನೊರೆ ಒಣಗಿದ ಹಾಗೆ ಒಂದು ಸಣ್ಣ ಮಚ್ಚೆ ಇತ್ತು. ಎರಡೂ ಕಣ್ಣಲ್ಲಿ. ಡಾಕ್ಟರು ಅದನ್ನು ನನಗೂ ತೋರಿಸಿದರು. ಹಳದಿ ಎಣ್ಣೆಯಂಥ ಔಷಧಿಯನ್ನು ತಾವೇ ಅವನ ಬಾಯಿಗೆ ಹಾಕಿ, ನುಂಗುವವರೆಗೂ ಗಲ್ಲ ಹಿಡಿದಿದ್ದರು. ನಾಳೆ ಇನ್ನೊಂದು ಸಲ, ಕರಿಗುಡ್ಡೆ ಇನ್ನೂ ಗಟ್ಟಿ ಇದೆ, ಸರಿಯಾದ ಹೊತ್ತಿಗೆ ಬಂದಿರಿ ಎಂದರು.

ಮೂರನೇ ದಿನ ಸಂಜೆ ಜಗಲಿಯಲ್ಲಿ ನಾವೆಲ್ಲ ಕೂತಿದ್ದೆವು. ಬೆಳಕು ಪೂರ್ತಿ ಇಳಿದ ಮೇಲೆ ತಮ್ಮ ಎದ್ದ, ಕಂಬ ಹಿಡಿಯದೆ ಮೆಟ್ಟಿಲಿಳಿದ, ಬೀದಿಯಲ್ಲಿ ಬಿದ್ದಿದ್ದ ಒಂದು ಗೋಲಿಯನ್ನು ಬಗ್ಗಿ ಎತ್ತಿಕೊಂಡ. ಅಮ್ಮ ಆವಾಗ ಅತ್ತಳು.

ನಾನು ತಮ್ಮನ ಮೇಲಿನ ಕನಿಕರಕ್ಕೆ ಹೀಗೆ ಮಾಡಿದೆ ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಪಾಪ, ಏಟು ಬೀಳದಿರಲಿ ಎಂದು ಹೊಟ್ಟೆ ಬಿರಿಯ ತಿಂದಳು ಎಂದು ಅಪ್ಪ ಬಸ್ಸಿನವರ ಹತ್ತಿರವೂ ಹೇಳಿದನಂತೆ. ಮೊದಲ ದಿನದ ಮಟ್ಟಿಗೆ ಅದು ನಿಜ. ಎರಡನೇ ದಿನದಿಂದ ನಾನು ಆ ಗುಳಿಯ ತುಪ್ಪಕ್ಕೆ ಕಾಯುತ್ತಿದ್ದೆ. ಹೊನಗೊನ್ನೆ ಸೊಪ್ಪಿನ ದಿನಗಳಲ್ಲಿ ಒಂದು ಚಮಚ ಎರಡಾದಾಗ ನನಗೆ ಖುಷಿಯಾಗಿತ್ತು. ತಿನ್ನು ಎಂದು ಅವನಿಗೆ ಪಿಸುಗುಟ್ಟುವಾಗಲೂ, ತಿನ್ನದಿರಲಿ ಎಂದು ಒಳಗೆ ಒಂದು ಆಸೆ ಇತ್ತು. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಅಜ್ಜಿ ಮುದ್ದೆಯ ಕಾನೂನು ಬಿಟ್ಟಳು. ಸೊಪ್ಪನ್ನು ನುಣ್ಣಗೆ ಅರೆದು ಅನ್ನಕ್ಕೆ ಕಲಸಿ, ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ತುತ್ತು ಕೊಡುತ್ತಿದ್ದಳು. ಓಕರಿಸಿದರೆ ಕಾಯುತ್ತಿದ್ದಳು, ಹೊಡೆಯುತ್ತಿರಲಿಲ್ಲ. ಹತ್ತು ದಿನ ಕಳೆದಿರಬೇಕು. ಮಧ್ಯಾಹ್ನ ಅವನು ತಿಂದು ಆಡಲು ಹೋದ ಮೇಲೆ ಅವಳು ನನ್ನನ್ನು ಕರೆದು ತನ್ನ ಎದುರಿಗೆ ಕೂರಿಸಿದಳು. ಮುದ್ದೆ ಇಟ್ಟಳು. ಹೆಬ್ಬೆರಳಲ್ಲಿ ನಡುವೆ ಒತ್ತಿ ಗುಳಿ ಮಾಡಿದಳು. ಎರಡು ಚಮಚ ತುಪ್ಪ ಬಿಟ್ಟಳು. ನಾನು ತಲೆ ಎತ್ತಲಿಲ್ಲ.

"ಇದಕ್ಕೇ ತಾನೆ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನೇ ಒಂದ್ ಮಾತು ಕೇಳ್ಬೋದಾಗಿತ್ತಲ್ಲೇ."

ಕೇಳಿದ್ದರೆ ಅವಳು ಕೊಡುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನು ಒಂದೊಂದೇ ತುತ್ತು ನುಂಗಿದೆ. ಮುಗಿಸಿ ತಟ್ಟೆಯನ್ನು ಅವಳ ಮುಂದೆ ಹಿಡಿದೆ. ಅವಳು ಬೆರಳಾಡಿಸಿ ನೋಡದೆ ತಟ್ಟೆ ಇಸಿದುಕೊಂಡು ತಾನೇ ತೊಳೆಯಲು ಹೋದಳು.